ಬೋರ್ಡಿಲ್ಲದ ಡಾಕ್ಟರು

ಚಿಕ್ಕಪ್ಪನ ಮಗಳು ಎಂಬಿಬಿಎಸ್ ಓದಿ ಬಳ್ಳಾರಿಯಲ್ಲಿ ಹೌಸ್‌ಸರ್ಜನ್ ಆಗಿದ್ದಾಳೆ. ಕಳೆದ ತಿಂಗಳು ರಾಯಚೂರಿಗೆ ಬಂದವಳು ಊಟಕ್ಕೆ ಕುಳಿತಾಗ, "ಅಕ್ಕಾ, ಪಿಜಿಗೆ ಯಾವ ಬ್ರಾಂಚ್ ತಗೊಳ್ಳಲಿ?" ಎಂದು ಸ್ನಾತಕೋತ್ತರ ಓದಿನ ಬಗ್ಗೆ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ, ಹೆಣ್ಣುಮಗಳಿಗೆ ಹೆರಿಗೆ ವಿಭಾಗವೇ ಸರಿ ಎಂದು ಅತ್ತೆಯೂ, ರೇಡಿಯಾಲಜಿಯಾದರೆ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಬಹುದೆಂದು ತಮ್ಮನೂ ತೀರ್ಪು ಕೊಟ್ಟಾಗಿತ್ತು. ಅರಿವಳಿಕೆಯ (ಅನಸ್ತೇಶಿಯಾ) ಹೆಸರನ್ನು ಯಾರೂ ಎತ್ತಲಿಲ್ಲ; ಹತ್ತು ವರ್ಷಗಳಿಂದ ಅದನ್ನೇ ಮಾಡುತ್ತಿರುವ ನಾನು ಎದುರಿಗೇ ಕುಳಿತಿದ್ದೆ.

ಆಯ್ಕೆ ಎಂಬ ಮಾತಿನಲ್ಲಿ ಅರ್ಧ ಮಾತ್ರ ನಿಜವಿದೆ. ಸರಿಯುತ್ತರಕ್ಕೆ 4 ಅಂಕ ಕೊಟ್ಟು ತಪ್ಪಿಗೆ 1 ಅಂಕ ಕಳೆಯುವ ಪ್ರವೇಶ ಪರೀಕ್ಷೆ ನೀಟ್ ಪಿಜಿಯ ರ‍್ಯಾಂಕ್ ಮೊದಲು ನಿರ್ಧರಿಸುತ್ತದೆ, ನಾವು ಆಮೇಲೆ. ಸಂವಿಧಾನದ 371 ಜೆ ವಿಧಿ ಕೊಟ್ಟ ಮೀಸಲಾತಿಯಿಂದ ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ದಾರಿ ತುಸು ಅಗಲವಾಗಿದೆ. ನನಗೆ ಕೊನೆಗೆ ಉಳಿದದ್ದು ಮಕ್ಕಳ ವಿಭಾಗ ಮತ್ತು ಅರಿವಳಿಕೆ.

ನಿರ್ಧಾರವಾದದ್ದು ಮಾತ್ರ ಅದಕ್ಕೂ ಮೊದಲೇ, ಹೌಸ್‌ಸರ್ಜನ್ ಆಗಿದ್ದಾಗಿನ ಒಂದು ರಾತ್ರಿ. ಸಿರುಗುಪ್ಪ ಕಡೆಯ ಭತ್ತದ ಗದ್ದೆಯಲ್ಲಿ ನಾಗರಹಾವು ಕಚ್ಚಿದ ಕೂಲಿಯಾಳೊಬ್ಬನನ್ನು ಕರೆತಂದಿದ್ದರು. ರೆಪ್ಪೆಗಳು ಅರ್ಧ ಮುಚ್ಚಿದ್ದವು. ಎಂಜಲು ನುಂಗಲಾಗದೆ ಬಾಯಿಯ ಅಂಚಿನಿಂದ ಇಳಿಯುತ್ತಿತ್ತು. ವಿಷನಿರೋಧಕ ಹನಿಯುತ್ತಿದ್ದಂತೆಯೇ ಅರಿವಳಿಕೆ ವಿಭಾಗದ ಪಿಜಿ ವಿದ್ಯಾರ್ಥಿಯೊಬ್ಬರು ಬಂದು, ಅಟ್ರೊಪಿನ್ ಕೊಟ್ಟು, ಬೆನ್ನಿಗೇ ನಿಯೋಸ್ಟಿಗ್ಮಿನ್ ಕೊಟ್ಟು, ರೋಗಿಯ ರೆಪ್ಪೆಯನ್ನೇ ನೋಡುತ್ತ ಕುಳಿತರು. ಸ್ವಲ್ಪ ಹೊತ್ತಿಗೆ ರೆಪ್ಪೆ ಮೇಲೆದ್ದಿತು. ನರ ಸ್ನಾಯುವನ್ನು ಸೇರುವಲ್ಲಿ, ನರದ ಸಂದೇಶವನ್ನು ಸ್ನಾಯುವಿಗೆ ಮುಟ್ಟಿಸುವ ಅಸಿಟೈಲ್‌ಕೋಲಿನ್ ಕೂರಬೇಕಾದ ಜಾಗವನ್ನು ನಾಗರದ ವಿಷ ಆಕ್ರಮಿಸಿಕೊಳ್ಳುತ್ತದೆ. ನಿಯೋಸ್ಟಿಗ್ಮಿನ್ ಅಸಿಟೈಲ್‌ಕೋಲಿನ್ ಒಡೆದುಹೋಗದಂತೆ ತಡೆದು ಅದರ ಪಕ್ಷಕ್ಕೆ ಬಲ ತುಂಬುತ್ತದೆ. ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳುಗೆಡವುವುದರಿಂದ ಅಲ್ಲಿ ಈ ಮದ್ದಿನಿಂದ ಹೆಚ್ಚು ಪ್ರಯೋಜನವಿಲ್ಲ, ವೆಂಟಿಲೇಟರೇ ಗತಿ. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಸ್ನಾಯುಗಳನ್ನು ಮತ್ತೆ ಎಚ್ಚರಿಸಲು ಆಪರೇಷನ್ ಥಿಯೇಟರಿನಲ್ಲಿ ಬಳಸುವುದೂ ಇದೇ ನಿಯೋಸ್ಟಿಗ್ಮಿನ್ ಎಂದು ತಿಳಿದಾಗ, ಒಣ ಪಾಠವೆನಿಸಿದ್ದ ಶರೀರಕ್ರಿಯಾಶಾಸ್ತ್ರ ಇದ್ದಕ್ಕಿದ್ದಂತೆ ಕೈಗೆ ಸಿಕ್ಕಂತಾಯಿತು.

ನಿತ್ಯದ ಕೆಲಸ ಇಷ್ಟು ರೋಚಕವಲ್ಲ. ಸಿಸೇರಿಯನ್‌ಗೆ ಬಂದವಳನ್ನು ಕೂರಿಸಿ, "ಯವ್ವಾ, ಬೆಕ್ಕಿನಂಗ ಬೆನ್ನು ಬಾಗಿಸು" ಎಂದು ಹೇಳಿ, ಕೂದಲೆಳೆಯಂಥ ಸೂಜಿಯ ಹಿಂಬದಿಯಲ್ಲಿ ಬೆನ್ನುಹುರಿಯ ಸುತ್ತಲಿನ ದ್ರವದ ನೀರಿನಂಥ ಒಂದು ಹನಿ ಕಾಣಿಸುವವರೆಗೂ ಉಸಿರು ಬಿಗಿಹಿಡಿದು ಕಾಯುವುದು. ಆಮೇಲೆ ರಕ್ತದೊತ್ತಡ ಕುಸಿಯದಂತೆ ನೋಡಿಕೊಳ್ಳುವುದು. ಅರಿವಳಿಕೆಯವರಿಲ್ಲವೆಂದು ತಾಲ್ಲೂಕು ಆಸ್ಪತ್ರೆಯಿಂದ ಗರ್ಭಿಣಿಯನ್ನು ಜಿಲ್ಲೆಗೆ ಸಾಗಿಸುವುದು ನಮ್ಮ ಕಡೆ ಹೊಸದಲ್ಲ. ಎಂಬಿಬಿಎಸ್ ವೈದ್ಯರಿಗೇ 18 ವಾರ ಜೀವರಕ್ಷಕ ಅರಿವಳಿಕೆಯ ತರಬೇತಿ ಕೊಡುವ ಯೋಜನೆಯನ್ನು ಸರ್ಕಾರ ರೂಪಿಸಿದ್ದು ಇಂಥ ಕೊರತೆಯಿಂದಲೇ.

ನಷ್ಟವನ್ನೂ ತಂಗಿಗೆ ಮುಚ್ಚಿಡಲಿಲ್ಲ. ನಮಗೆ ನಮ್ಮದೇ ರೋಗಿಗಳಿರುವುದಿಲ್ಲ; ಸರ್ಜನ್ ಕರೆದರೆ ಹೋಗಬೇಕು, ಕರೆಯದಿದ್ದರೆ ಮನೆಯಲ್ಲಿರಬೇಕು. ನಾನು ಸೀಟು ತೆಗೆದುಕೊಂಡ ದಿನ ಅಪ್ಪ, "ಅಲ್ಲವ್ವಾ, ಹಂಗಾದ್ರ ನಿನ್ನ ಹೆಸರಿನ ಬೋರ್ಡು ಹಾಕಂಗಿಲ್ಲೇನು?" ಎಂದು ಕೇಳಿದ್ದರು. ಉತ್ತರಕ್ಕೆ ಕಾಯದೆ ಮನೆಯ ಗೇಟಿಗೆ ತಾವೇ ಒಂದನ್ನು ಬರೆಸಿ ಹಾಕಿದರು. ಅದನ್ನು ನೋಡಿ ಓಣಿಯವರು ಈಗಲೂ ಬಿಪಿ ನೋಡಿಸಿಕೊಳ್ಳಲು ಬರುತ್ತಾರೆ.

ತಂಗಿಗೆ ಬ್ರಾಂಚಿನ ಹೆಸರು ಹೇಳಲಿಲ್ಲ. ಪ್ರತಿ ಪೋಸ್ಟಿಂಗಿನಲ್ಲೂ ರಾತ್ರಿ ಎರಡರ ನಂತರ, ಕುತೂಹಲವೆಲ್ಲ ಇಂಗಿದ ಹೊತ್ತಿನಲ್ಲಿ, ಆ ವಿಭಾಗದ ಪಿಜಿಗಳು ಏನು ಮಾಡುತ್ತಿರುತ್ತಾರೆಂದು ನೋಡಿ ಬಾ ಎಂದಷ್ಟೇ ಹೇಳಿದೆ. ಮೊನ್ನೆ ಫೋನ್ ಮಾಡಿದ್ದಳು: ಮಕ್ಕಳ ವಾರ್ಡಿನಲ್ಲಿದ್ದಾಳಂತೆ, ನಿದ್ದೆಯಿಲ್ಲವಂತೆ, ಆದರೂ ಪಾಳಿ ಮುಗಿದ ಮೇಲೆ ಹಾಸ್ಟೆಲಿಗೆ ಹೋಗಲು ಮನಸ್ಸಾಗಲಿಲ್ಲವಂತೆ.