ಕೃಷ್ಣನೇ ಯುದ್ಧ ಮಾಡು ಎಂದಿದ್ದಾನಲ್ಲ?

ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ: "ದಿನವೂ ಗೀತೆ ಓದುತ್ತೀರಿ. ಅದರಲ್ಲಿ ಕೃಷ್ಣನೇ ಯುದ್ಧ ಮಾಡು ಎಂದಿದ್ದಾನೆ. ಅಂದಮೇಲೆ ದಾಯಾದಿಗಳ ಮೇಲೆ ಹಗೆ ಸಾಧಿಸಿದರೆ ತಪ್ಪೇನು?" ನಮ್ಮ ಮನೆಯ ಹೊಲದ ವ್ಯಾಜ್ಯ ಊರಿಗೆಲ್ಲ ಗೊತ್ತು. ಪ್ರಶ್ನೆ ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗುತ್ತದೆ.

ಗೀತೆಯ ಮೊದಲ ಶ್ಲೋಕವನ್ನು ಹೇಳುವವನು ಕೃಷ್ಣನಲ್ಲ, ಧೃತರಾಷ್ಟ್ರ. "ಮಾಮಕಾಃ ಪಾಂಡವಾಶ್ಚೈವ" ಎನ್ನುತ್ತಾನೆ: ನನ್ನವರು ಮತ್ತು ಪಾಂಡುವಿನ ಮಕ್ಕಳು ಏನು ಮಾಡಿದರು? ಅವನು ಇದನ್ನು ಕೇಳುವ ಹೊತ್ತಿಗೆ ಹತ್ತು ದಿನದ ಕಾಳಗ ಮುಗಿದು ಭೀಷ್ಮರು ಬಿದ್ದಾಗಿದೆ. ಆಗಲೂ ತಮ್ಮನ ಮಕ್ಕಳು ಅವನ ಬಾಯಲ್ಲಿ 'ನನ್ನವರು' ಆಗಲಿಲ್ಲ. ಎಷ್ಟು ಸಲ ಓದಿದರೂ ನನಗೆ ಇಲ್ಲಿ ಗಂಟಲು ಕಟ್ಟುತ್ತದೆ.

ಕೃಷ್ಣ ಯುದ್ಧ ಮಾಡು ಎನ್ನುವುದು ನಿಜ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಮೂರನೆಯ ಅಧ್ಯಾಯದ 30ನೇ ಶ್ಲೋಕದಲ್ಲಿ ಅವನು ಹೇಳುವುದು ಹೀಗೆ: "ನಿರಾಶೀರ್ನಿರ್ಮಮೋ ಭೂತ್ವಾ ಯುಧ್ಯಸ್ವ ವಿಗತಜ್ವರಃ." ಆಸೆಯನ್ನು ಬಿಟ್ಟು, 'ನನ್ನದು' ಎಂಬುದನ್ನು ಬಿಟ್ಟು, ಜ್ವರ ಇಳಿದವನಾಗಿ ಯುದ್ಧ ಮಾಡು. ಧೃತರಾಷ್ಟ್ರನ 'ಮಾಮಕ'ಕ್ಕೂ ಕೃಷ್ಣನ 'ನಿರ್ಮಮ'ಕ್ಕೂ ಬೇರು ಒಂದೇ, 'ಮಮ'. ಹನ್ನೊಂದನೆಯ ಅಧ್ಯಾಯದ ಕೊನೆಯ ಶ್ಲೋಕದಲ್ಲಂತೂ "ನಿರ್ವೈರಃ ಸರ್ವಭೂತೇಷು", ಯಾವ ಜೀವಿಯ ಮೇಲೂ ವೈರವಿಲ್ಲದವನೇ ನನ್ನನ್ನು ಸೇರುತ್ತಾನೆ ಎಂದುಬಿಡುತ್ತಾನೆ. ಅದನ್ನು ಹೇಳಿದ್ದು ರಣರಂಗದಲ್ಲಿ ನಿಂತ ಬಿಲ್ಲುಗಾರನಿಗೆ.

ಗಾಂಧೀಜಿ ಕುರುಕ್ಷೇತ್ರವನ್ನು ಮನುಷ್ಯನ ಹೃದಯದೊಳಗಿನ ಹೋರಾಟವೆಂದು ಓದಿದರು. ಆ ಓದಿನ ಮೇಲೆ ನನಗೆ ಗೌರವವಿದೆ. ಆದರೆ ಸೂಜಿಮೊನೆಯಷ್ಟು ನೆಲವನ್ನೂ ಕೊಡೆನೆಂಬ ದುರ್ಯೋಧನನ ಮಾತು ಬಂದಾಗ ನನ್ನ ಕಣ್ಣಿಗೆ ಕಟ್ಟುವುದು ನಮ್ಮ ಹೊಲದ ಬದುವೇ.

ಆ ಬದುವಿಗಾಗಿ ಕಾಕಾನ ಮೇಲೆ ದಾವೆ ಹೂಡಿದವನು ನಾನೇ. ಇಂದಿಗೂ ಹಿಂತೆಗೆದುಕೊಂಡಿಲ್ಲ. ಅವ್ವನ ಜೀವನ ನಡೆಯುವುದು ಆ ಹೊಲದಿಂದ. ಆದರೆ ಒಂದು ಬೇಸಿಗೆಯಲ್ಲಿ ಅವರ ಬೋರ್‌ವೆಲ್ ಬತ್ತಿದ ಸುದ್ದಿ ಕೇಳಿ ಒಳಗೊಳಗೇ ಹಿಗ್ಗಿದೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಗೀತೆ ಜ್ವರವೆನ್ನುವುದು ಇದನ್ನೇ ಎಂದು ಅಂದು ತಿಳಿಯಿತು. ದಾವೆಗೆ ಅದು ಬೇಕೇ ಇರಲಿಲ್ಲ. ನ್ಯಾಯಾಲಯ ಕೇಳುವುದು ಉತಾರ ಮತ್ತು ಸರ್ವೆ ನಕ್ಷೆ. ನನ್ನ ಸಿಟ್ಟನ್ನು ಯಾರೂ ಕೇಳಿರಲಿಲ್ಲ.

ಕಳೆದ ದಸರೆಯಲ್ಲಿ ಬನ್ನಿ ಹಿಡಿದು ಅವರ ಮನೆಗೆ ಹೋದೆ. ಪಾಂಡವರು ಆಯುಧಗಳನ್ನು ಬಚ್ಚಿಟ್ಟ ಮರದ ಎಲೆ ಅದು. "ಬನ್ನಿ ತೆಗೆದುಕೊಂಡು ಬಂಗಾರದಂತೆ ಇರೋಣ" ಎಂದು ಕಾಲು ಮುಟ್ಟಿದೆ. ಕಾಕಾ ಎಲೆ ತೆಗೆದುಕೊಂಡರು, ಮಾತನಾಡಲಿಲ್ಲ. ಚಿಗವ್ವ ಮಾತ್ರ ಅವ್ವನ ಮಂಡಿನೋವು ಹೇಗಿದೆ ಎಂದು ಕೇಳಿ, ಚಹಾಕ್ಕೆ ನೀರಿಟ್ಟರು. ಕೋರ್ಟಿನ ಮುಂದಿನ ತಾರೀಖು ಬರುವ ತಿಂಗಳಿದೆ. ನಮ್ಮೂರಿನಿಂದ ತಾಲ್ಲೂಕಿಗೆ ಬೆಳಗಿನ ಬಸ್ ಒಂದೇ.