ಟ್ಯೂನರ್ ಕಾರ್ಡ್ ಜೊತೆಗೆ ಐಪಿಟಿವಿ: ರೆಕಾರ್ಡಿಂಗ್ ಎಲ್ಲಿಂದ ಆಗಬೇಕು?

ಟಿವಿಹೆಡ್‌ಎಂಡ್ ಎಂದರೆ ಟಿವಿ ಚಾನೆಲ್‌ಗಳನ್ನು ಹಿಡಿದು ಮನೆಯಲ್ಲಿ ಹಂಚುವ, ರೆಕಾರ್ಡ್ ಮಾಡುವ ತಂತ್ರಾಂಶ. ಅದರ ಸರ್ವರ್‌ಗೆ ಟ್ಯೂನರ್ ಕಾರ್ಡ್ (ಆಂಟೆನಾ, ಕೇಬಲ್ ಅಥವಾ ಡಿಶ್ ಸಿಗ್ನಲ್ ಹಿಡಿಯುವ ಕಾರ್ಡ್) ಮಾತ್ರ ಇದ್ದಾಗ ಲೆಕ್ಕ ಸುಲಭ. ಒಂದು ಟ್ಯೂನರ್ ಒಂದು ಹೊತ್ತಿಗೆ ಒಂದೇ ಮಕ್ಸ್ (ಹಲವು ಚಾನೆಲ್ ಒಟ್ಟಿಗೆ ಬರುವ ಒಂದು ಸಿಗ್ನಲ್) ಹಿಡಿಯುತ್ತದೆ. ಆ ಮಕ್ಸ್‌ನಲ್ಲಿರುವ ಚಾನೆಲ್‌ಗಳನ್ನು ಬೇಕಾದಷ್ಟು ಒಟ್ಟಿಗೆ ರೆಕಾರ್ಡ್ ಮಾಡಬಹುದು, ಬೇರೆ ಮಕ್ಸ್ ಬೇಕೆಂದರೆ ಇನ್ನೊಂದು ಟ್ಯೂನರ್ ಖಾಲಿ ಇರಬೇಕು. ಐಪಿಟಿವಿಗೆ, ಅಂದರೆ ನೆಟ್‌ವರ್ಕ್ ಮೂಲಕ ಬರುವ ಟಿವಿಗೆ, ಇಂಥ ಕಟ್ಟಿಲ್ಲ. ಪ್ರತಿ ಚಾನೆಲ್ ಸಾಮಾನ್ಯವಾಗಿ ತಾನೇ ಒಂದು ಮಕ್ಸ್. ಮಿತಿ ಹಾಕದೆ ಬಿಟ್ಟರೆ ಸರ್ವರ್ ಕೇಳಿದಷ್ಟೂ ಸ್ಟ್ರೀಮ್ ತೆರೆಯುತ್ತಾ ಹೋಗುತ್ತದೆ, ಲೈನ್ ತುಂಬಿ ಎಲ್ಲ ರೆಕಾರ್ಡಿಂಗ್‌ಗಳೂ ಒಟ್ಟಿಗೆ ಹಾಳಾಗುತ್ತವೆ.

ಮೊದಲು ಟ್ಯೂನರ್ ಕೆಲಸ ಮುಗಿಸಿ, ಐಪಿಟಿವಿ ಆಮೇಲೆ. ಕಾರ್ಡ್ ಕಾಣದಿದ್ದರೆ ಎರಡು ಕಾರಣಗಳನ್ನು ಮೊದಲು ನೋಡಿ: ಕಾರ್ಡ್ ಓಡಲು ಬೇಕಾದ ಫರ್ಮ್‌ವೇರ್ ಕಡತ ಇಲ್ಲದಿರುವುದು (ಲಿನಕ್ಸ್ ಕರ್ನಲ್ ಲಾಗ್‌ನಲ್ಲಿ ಕಡತದ ಹೆಸರು ಸಮೇತ ಬರೆದಿರುತ್ತದೆ), ಸರ್ವರ್ ಓಡಿಸುವ ಬಳಕೆದಾರ, ಕಾರ್ಡ್ ಬಳಸಲು ಅನುಮತಿ ಇರುವ ವಿಡಿಯೋ ಗುಂಪಿನಲ್ಲಿ ಇಲ್ಲದಿರುವುದು. ಎರಡು ಬೇರೆ ಬೇರೆ ಜಾತಿಯ ಕಾರ್ಡ್ ಇದ್ದರೆ ರೀಬೂಟ್ ಆದಾಗ ಅವುಗಳ ಸಂಖ್ಯೆ ಅದಲುಬದಲಾಗಬಹುದು. ಡ್ರೈವರ್‌ನ ಅಡಾಪ್ಟರ್ ಸಂಖ್ಯೆಯ ಆಯ್ಕೆಯಿಂದ ಅದನ್ನು ಸ್ಥಿರ ಮಾಡಿಬಿಡಿ. ಇದನ್ನೆಲ್ಲ ಸರಿಮಾಡದೆ ಎರಡೂ ಮೂಲಗಳನ್ನು ಬೆರೆಸಿದರೆ ತಪ್ಪು ಎಲ್ಲಿದೆ ಎಂದು ಹುಡುಕುವುದೇ ಕಷ್ಟ.

ಈಗ ಐಪಿಟಿವಿ. ಪ್ಲೇಲಿಸ್ಟ್ (ಚಾನೆಲ್ ವಿಳಾಸಗಳ ಪಟ್ಟಿ) ಇದ್ದರೆ ಟಿವಿಹೆಡ್‌ಎಂಡ್‌ನಲ್ಲಿ ಆಟೋಮ್ಯಾಟಿಕ್ ನೆಟ್‌ವರ್ಕ್, ನಾಲ್ಕಾರು ವಿಳಾಸ ಮಾತ್ರ ಇದ್ದರೆ ಸಾಮಾನ್ಯ ನೆಟ್‌ವರ್ಕ್ ಸಾಕು. ಎರಡರಲ್ಲೂ ಇನ್‌ಪುಟ್ ಸ್ಟ್ರೀಮ್‌ಗಳ ಗರಿಷ್ಠ ಸಂಖ್ಯೆಯನ್ನು ಖಾಲಿ ಬಿಡಬೇಡಿ. ಸೇವೆ ಕೊಡುವವರು ಒಂದು ಖಾತೆಗೆ 2 ಸಂಪರ್ಕ ಎಂದಿದ್ದರೆ ಇಲ್ಲೂ 2. ಬ್ಯಾಂಡ್‌ವಿಡ್ತ್ ಮಿತಿಯನ್ನು ಲೈನ್‌ನ ಪೂರ್ತಿ ವೇಗಕ್ಕೆ ಇಡದೆ ಮನೆಯ ಉಳಿದ ಬಳಕೆಗೆ ಜಾಗ ಬಿಟ್ಟು ಇಡಿ. 8 ಎಂಬಿಪಿಎಸ್ ಸ್ಟ್ರೀಮ್ ಡಿಸ್ಕ್‌ನಲ್ಲಿ ಗಂಟೆಗೆ 3.6 ಜಿಬಿ ತಿನ್ನುತ್ತದೆ ಎನ್ನುವುದೂ ನೆನಪಿರಲಿ.

ಪ್ಲೇಲಿಸ್ಟ್‌ನ ವಿಳಾಸಗಳಲ್ಲಿ ಪ್ರತಿ ಸಲ ಬದಲಾಗುವ ಟೋಕನ್ (ಗುರುತಿನ ಸಂಕೇತ) ಇದ್ದರೆ, ಪಟ್ಟಿ ಮತ್ತೆ ಇಳಿಸಿದಾಗಲೆಲ್ಲ ಹಳೆಯ ಮಕ್ಸ್ ಹೋಗಿ ಹೊಸದು ಹುಟ್ಟುತ್ತದೆ, ಚಾನೆಲ್ ಜೋಡಣೆ ಕಡಿಯುತ್ತದೆ. ವಿಳಾಸದ ಆರ್ಗ್ಯುಮೆಂಟ್‌ಗಳನ್ನು (ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗ) ಕಡೆಗಣಿಸುವ ಆಯ್ಕೆ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಇರುವುದು ಇದಕ್ಕೇ.

ಸರ್ವರ್‌ಗೆ ಒಳಗೆ ಬೇಕಾದದ್ದು ಎಂಪೆಗ್ ಟಿಎಸ್, ಅಂದರೆ ಟಿವಿ ಪ್ರಸಾರದಲ್ಲಿ ಬಳಸುವ ಸ್ಟ್ರೀಮ್ ರೂಪ. ಎಂಪಿ4 ತುಂಡುಗಳಲ್ಲಿ ಬರುವ ಎಚ್‌ಎಲ್‌ಎಸ್ (ವಿಡಿಯೋವನ್ನು ಸಣ್ಣ ತುಂಡುಗಳಾಗಿ ಕಳಿಸುವ ವಿಧಾನ) ನೇರವಾಗಿ ಕೊಟ್ಟರೆ ಸ್ಕ್ಯಾನ್ ವಿಫಲವಾಗುತ್ತದೆ. ಅಂಥದ್ದನ್ನು ಪೈಪ್ ವಿಳಾಸದ (ಬೇರೊಂದು ಪ್ರೋಗ್ರಾಂ ಓಡಿಸಿ ಅದರ ಔಟ್‌ಪುಟ್ ಓದುವ ವಿಳಾಸ) ಮೂಲಕ ವಿಡಿಯೋ ಪರಿವರ್ತಕ ಎಫ್‌ಎಫ್‌ಎಂಪೆಗ್‌ಗೆ ಕೊಟ್ಟು, ಕೋಡೆಕ್ (ವಿಡಿಯೋ, ಆಡಿಯೋ ಸಂಕೇತನದ ಬಗೆ) ಮುಟ್ಟದೆ ಕಾಪಿ ಮಾಡಿಸಿ ಎಂಪೆಗ್ ಟಿಎಸ್ ಆಗಿ ಹೊರತೆಗೆಯಿರಿ. ಮರುಸಂಕೇತನ ಬೇಡ, ಸಿಪಿಯು ಸುಮ್ಮನೆ ಬೇಯುತ್ತದೆ. ಮಕ್ಸ್‌ನಲ್ಲಿ ರೆಸ್ಪಾನ್ (ನಿಂತ ಪ್ರೋಗ್ರಾಂ ಮತ್ತೆ ಓಡಿಸುವ) ಆಯ್ಕೆ ಹಾಕಿಡಿ, ಇಲ್ಲವಾದರೆ ಪೈಪ್ ನಡುವೆ ಸತ್ತರೆ ರೆಕಾರ್ಡಿಂಗ್ ಅಲ್ಲಿಗೇ ನಿಲ್ಲುತ್ತದೆ.

ಮಲ್ಟಿಕಾಸ್ಟ್‌ನ (ಒಂದೇ ಸ್ಟ್ರೀಮ್ ಕೇಳಿದವರಿಗೆಲ್ಲ ಒಟ್ಟಿಗೆ ಹೋಗುವ ಬಗೆ) ತಾಪತ್ರಯ ಬೇರೆ ತರಹದ್ದು. ಸರ್ವರ್‌ಗೆ ಎರಡು ನೆಟ್‌ವರ್ಕ್ ಕಾರ್ಡ್ ಇದ್ದು ಸ್ಟ್ರೀಮ್ ಎರಡನೆಯದರಲ್ಲಿ ಬರುತ್ತಿದ್ದರೆ, ಪ್ಯಾಕೆಟ್ ಹಿಡಿದು ನೋಡುವ ಸಾಧನದಲ್ಲಿ ಪ್ಯಾಕೆಟ್‌ಗಳು ಕಾಣುತ್ತವೆ, ಸರ್ವರ್‌ನಲ್ಲಿ ಮಾತ್ರ ಏನೂ ಇಲ್ಲ. ಪ್ಯಾಕೆಟ್‌ನ ಮೂಲ ವಿಳಾಸಕ್ಕೆ ಹೋಗುವ ದಾರಿ ಮೊದಲ ಕಾರ್ಡ್‌ನಲ್ಲಿ ಇರುವುದರಿಂದ ಕರ್ನಲ್‌ನ ರಿವರ್ಸ್ ಪಾತ್ ಫಿಲ್ಟರ್ (ಪ್ಯಾಕೆಟ್ ಸರಿಯಾದ ದಾರಿಯಿಂದ ಬಂದಿದೆಯೇ ಎಂದು ನೋಡುವ ತಪಾಸಣೆ) ಅವನ್ನು ಬಿಸಾಡುತ್ತದೆ. ಎರಡನೆಯ ಕಾರ್ಡ್‌ಗೆ ಫಿಲ್ಟರ್ ಮೌಲ್ಯ 2 (ಸಡಿಲ ತಪಾಸಣೆ) ಮಾಡಿ, ಮಲ್ಟಿಕಾಸ್ಟ್ ವಿಳಾಸಗಳ 224.0.0.0/4 ರೂಟ್ ಅದೇ ಕಾರ್ಡ್‌ಗೆ ಹಾಕಿ, ಮಕ್ಸ್‌ನಲ್ಲಿ ಇಂಟರ್‌ಫೇಸ್ ಹೆಸರನ್ನೂ ಬರೆಯಿರಿ. ಸ್ಟ್ರೀಮ್ ಶುರುವಾಗಿ ಕೆಲವು ನಿಮಿಷಕ್ಕೆ ನಿಂತರೆ ಅನುಮಾನ ಸ್ವಿಚ್‌ನ ಮೇಲೆ ಹೋಗಲಿ: ಐಜಿಎಂಪಿ ಸ್ನೂಪಿಂಗ್ (ಯಾರಿಗೆ ಮಲ್ಟಿಕಾಸ್ಟ್ ಬೇಕೆಂದು ಸ್ವಿಚ್ ಗಮನಿಸುವುದು) ಚಾಲೂ ಇದ್ದು ನೆಟ್‌ವರ್ಕ್‌ನಲ್ಲಿ ಕ್ವೆರಿಯರ್ (ಇನ್ನೂ ಬೇಕೇ ಎಂದು ಆಗಾಗ ಕೇಳುವ ಸಾಧನ) ಇಲ್ಲದಿದ್ದಾಗ ಹೀಗಾಗುತ್ತದೆ. ವೈಫೈ ಮೇಲೆ ಮಲ್ಟಿಕಾಸ್ಟ್ ರೆಕಾರ್ಡಿಂಗ್ ಎಂದರೆ ನನ್ನ ಪ್ರಕಾರ ಹಣೆಬರಹ ನಂಬಿದಂತೆ. ಅಲ್ಲಿ ಮಲ್ಟಿಕಾಸ್ಟ್ ಪ್ಯಾಕೆಟ್ ಕಳೆದುಹೋದರೆ ಮತ್ತೆ ಕಳಿಸುವವರಿಲ್ಲ.

ನಿಜವಾದ ಕೆಲಸ ಇನ್ನು ಮುಂದೆ. ಎರಡೂ ಮೂಲದ ಒಂದೇ ಚಾನೆಲ್ ಅನ್ನು ಎರಡಾಗಿ ಇಡಬೇಡಿ. ಸರ್ವಿಸ್ (ಮಕ್ಸ್‌ನಲ್ಲಿ ಸಿಕ್ಕ ಚಾನೆಲ್ ಮೂಲ) ಅನ್ನು ಚಾನೆಲ್‌ಗೆ ಮ್ಯಾಪ್ ಮಾಡುವಾಗ ಒಂದೇ ಹೆಸರಿನವನ್ನು ವಿಲೀನಗೊಳಿಸುವ ಆಯ್ಕೆ ಕೊಡಿ, ಅಥವಾ ಚಾನೆಲ್‌ಗೆ ಕೈಯಾರೆ ಎರಡನೆಯ ಸರ್ವಿಸ್ ಸೇರಿಸಿ. ಆಮೇಲೆ ಆದ್ಯತೆ. ಇಲ್ಲಿ ಎರಡು ಅಂಕೆಗಳಿವೆ: ಸಾಮಾನ್ಯ ಆದ್ಯತೆ ಮತ್ತು ಸ್ಟ್ರೀಮಿಂಗ್ ಆದ್ಯತೆ. ಎರಡನೆಯದು ನೇರ ವೀಕ್ಷಣೆಗೆ ಮಾತ್ರ. ಹಾಗಾಗಿ ಟ್ಯೂನರ್‌ಗೆ ಸಾಮಾನ್ಯ ಆದ್ಯತೆ 10, ಸ್ಟ್ರೀಮಿಂಗ್ 5, ಐಪಿಟಿವಿಗೆ ಸಾಮಾನ್ಯ 5, ಸ್ಟ್ರೀಮಿಂಗ್ 10 ಎಂದಿಟ್ಟರೆ ರೆಕಾರ್ಡಿಂಗ್ ಕಾರ್ಡ್‌ನಿಂದ ಆಗುತ್ತದೆ, ಸುಮ್ಮನೆ ನೋಡುವವರು ಐಪಿಟಿವಿ ಬಳಸುತ್ತಾರೆ, ಟ್ಯೂನರ್ ಖಾಲಿ ಉಳಿಯುತ್ತದೆ. ಟ್ಯೂನರ್‌ಗಳೆಲ್ಲ ಕೆಲಸದಲ್ಲಿದ್ದರೆ ರೆಕಾರ್ಡಿಂಗ್ ತಾನಾಗಿ ಐಪಿಟಿವಿಗೆ ಹೊರಳುತ್ತದೆ. ಆದರೆ ನಡುವೆ ಮೂಲ ಬದಲಾಗಿ ಕೋಡೆಕ್ ಬೇರೆಯಾದರೆ ಕಡತ ಎರಡು ತುಂಡಾಗಬಹುದು.

ಕಾರ್ಯಕ್ರಮ ಪಟ್ಟಿಗೆ ವಿಲೀನವಾದ ಚಾನೆಲ್‌ನಲ್ಲಿ ಒಂದೇ ಮೂಲ ಇರಲಿ. ಪ್ರಸಾರದ ಇಐಟಿ (ಸಿಗ್ನಲ್ ಜೊತೆಗೇ ಬರುವ ಪಟ್ಟಿ) ಚೆನ್ನಾಗಿದ್ದರೆ ಎಕ್ಸ್‌ಎಂಎಲ್‌ಟಿವಿ (ಹೊರಗಿನಿಂದ ತರುವ ಪಟ್ಟಿಯ ಕಡತ) ತೆಗೆದುಬಿಡಿ, ಎರಡೂ ಇದ್ದರೆ ಸಮಯಗಳು ಒಂದರ ಮೇಲೊಂದು ಬೀಳುತ್ತವೆ.

ಪ್ಯಾಡಿಂಗ್ (ಕಾರ್ಯಕ್ರಮದ ಹಿಂದೆ ಮುಂದೆ ಹೆಚ್ಚುವರಿಯಾಗಿ ರೆಕಾರ್ಡ್ ಮಾಡುವ ಸಮಯ) ವಿಷಯದಲ್ಲಿ ಐಪಿಟಿವಿಗೂ ಟ್ಯೂನರ್‌ಗೂ ಒಂದೇ ಲೆಕ್ಕ ಸಾಲದು. ಎಚ್‌ಎಲ್‌ಎಸ್ ಪ್ಲೇಯರ್ ಸಾಮಾನ್ಯವಾಗಿ ಮೂರು ತುಂಡು ಹಿಂದಿನಿಂದ ಓದಲು ಶುರುಮಾಡುತ್ತದೆ. 6 ಸೆಕೆಂಡಿನ ತುಂಡಾದರೆ ಅಲ್ಲೇ 18 ಸೆಕೆಂಡ್, ಅದರ ಮೇಲೆ ಎನ್‌ಕೋಡರ್‌ನ ವಿಳಂಬ ಬೇರೆ. ಸ್ಟ್ರೀಮ್ ಗಡಿಯಾರಕ್ಕಿಂತ ಹಿಂದೆ ಇರುವುದರಿಂದ ಕಡಿದುಹೋಗುವುದು ಕೊನೆಯ ಭಾಗ. ಐಪಿಟಿವಿ ಮೂಲ ಸೇರಿದ ಚಾನೆಲ್‌ಗಳಿಗೆ ಮುಗಿದ ನಂತರದ ಪ್ಯಾಡಿಂಗ್ ಅನ್ನು ಕನಿಷ್ಠ 2 ನಿಮಿಷ ಹೆಚ್ಚಿಸಿ, ಶುರುವಿನದನ್ನು ಇದ್ದ ಹಾಗೇ ಬಿಡಿ.