ಸಜ್ಜೆ ಮೇವಿನ ರಿಪೋರ್ಟಿನಲ್ಲಿ ನಾನು ಮೊದಲು ನೋಡುವ ಸಾಲು

ಮೇವು ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ನನ್ನ ಕೆಲಸ. ಸಜ್ಜೆಯ ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರೂ ಕೇಳುವುದು "ಪ್ರೋಟೀನ್ ಎಷ್ಟಿದೆ ಸರ್?" ಅಂತ. ನಾನು ಮೊದಲು ನೋಡುವುದು ಒಣ ಅಂಶದ ಸಾಲನ್ನು. ಯಾಕೆಂದರೆ ಪ್ರೋಟೀನನ್ನು ಲೆಕ್ಕ ಹಾಕುವುದು ನೀರು ಕಳೆದ ಮೇಲೆ ಉಳಿಯುವುದರ ಮೇಲೆ.

ಒಂದು ಲೆಕ್ಕ ನೋಡಿ. ಎಳೆ ಸಜ್ಜೆ 10 ಕಿಲೋ ಹಾಕಿದಿರಿ. ಒಣ ಅಂಶ ಶೇ 15 ಇದ್ದರೆ ಹಸುವಿಗೆ ಸಿಕ್ಕಿದ್ದು ಒಂದೂವರೆ ಕಿಲೋ. ಅದರಲ್ಲಿ ಶೇ 12 ಪ್ರೋಟೀನ್ ಅಂದರೆ 180 ಗ್ರಾಂ. ಶೇ 30 ಒಣ ಅಂಶವಿರುವ, ಶೇ 9 ಪ್ರೋಟೀನಿನ ರಸಮೇವು (ಕತ್ತರಿಸಿ ಗುಂಡಿಗೆ ಒತ್ತಿ ತುಂಬಿ, ಗಾಳಿಯಾಡದಂತೆ ಮುಚ್ಚಿ ಹುಳಿಸಿದ ಮೇವು, ಅಂದರೆ ಸೈಲೇಜ್) ಅಷ್ಟೇ ತೂಕ ಹಾಕಿದರೆ 270 ಗ್ರಾಂ! ಶೇಕಡಾ ಕಡಿಮೆ, ಹೊಟ್ಟೆಗೆ ಹೋಗಿದ್ದು ಜಾಸ್ತಿ.

ಹಾಗಂತ ಬಲಿಯುವ ತನಕ ಬಿಡಿ ಎನ್ನುತ್ತಿಲ್ಲ. ತೆನೆ ಬಂದ ಮೇಲೆ ದಂಟು ಗಟ್ಟಿಯಾಗಿ ನಾರು ಏರುತ್ತದೆ, ಪ್ರೋಟೀನ್ ಇಳಿಯುತ್ತದೆ. ಹೊಡೆ ತುಂಬುವಾಗ, ಅಂದರೆ ತೆನೆ ಇನ್ನೂ ಎಲೆಯ ಒಳಗೇ ಇರುವಾಗ, ಕೊಯ್ದರೆ ಮೇವು ಒಳ್ಳೆಯದು, ಆದರೆ ಹಸಿ ಜಾಸ್ತಿ. ಅದನ್ನು ಹಾಗೇ ಗುಂಡಿಗೆ ತುಂಬಿದರೆ ರಸ ಸೋರಿ ಸತ್ವ ಹೋಗುತ್ತದೆ, ಬೇಡದ ಬ್ಯಾಕ್ಟೀರಿಯಾ ಬೆಳೆದು ಕೆಟ್ಟ ವಾಸನೆ ಹೊಡೆಯುತ್ತದೆ. ಕೊಯ್ದು ಬಾಡಿಸಿ ಆಮೇಲೆ ಕತ್ತರಿಸಬೇಕು. ಒಣ ಅಂಶ ಶೇ 30ರಿಂದ 35 ಇದ್ದರೆ ಸರಿ. ಕತ್ತರಿಸಿದ್ದನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ ಬಿಡಿ. ರಸ ತೊಟ್ಟಿಕ್ಕಿದರೆ ಇನ್ನೂ ಬಾಡಬೇಕು. ಉಂಡೆ ನಿಧಾನಕ್ಕೆ ಬಿಚ್ಚಿಕೊಂಡರೆ ತುಂಬಬಹುದು. ಇದಕ್ಕೆ ಲ್ಯಾಬ್ ಬೇಕಿಲ್ಲ. (ನನ್ನ ಕೆಲಸಕ್ಕೇ ಕಲ್ಲು ಹಾಕಿಕೊಳ್ಳುತ್ತಿದ್ದೇನೆ.)

ಮುಸುಕಿನ ಜೋಳದ ರಸಮೇವಿನಲ್ಲಿ ಕಾಳಿನ ಪಿಷ್ಟ ಇರುತ್ತದೆ. ಸಜ್ಜೆಯಲ್ಲಿ ಅಷ್ಟು ಶಕ್ತಿ ಸಿಗದು. ಹಾಲು ಜಾಸ್ತಿ ಕೊಡುವ ಹಸುವಿಗೆ ಕಾಳಿನ ಆಹಾರ ಜೊತೆಗೆ ಬೇಕೇ ಬೇಕು.

ಇನ್ನು ವಿಷದ ಮಾತು. ಎಳೆ ಜೋಳದಲ್ಲಿರುವ ಸಯನೈಡ್ ಭಯ ಸಜ್ಜೆಯಲ್ಲಿಲ್ಲ. ಅಷ್ಟಕ್ಕೇ ಕೆಲವರು ನಿಶ್ಚಿಂತರಾಗುತ್ತಾರೆ. ಆದರೆ ಯೂರಿಯಾ ಜಾಸ್ತಿ ಸುರಿದು, ಮಳೆ ಕೈಕೊಟ್ಟರೆ ನೈಟ್ರೇಟ್ ಸೇರಿಕೊಳ್ಳುತ್ತದೆ, ಅದೂ ದಂಟಿನ ಬುಡದಲ್ಲಿ. ಬರದ ನಂತರ ಮಳೆ ಬಿದ್ದ ಮೊದಲ ಕೆಲವು ದಿನವಂತೂ ಕೊಯ್ಯಲೇಬೇಡಿ. ಒಣಗಿಸಿದರೆ ನೈಟ್ರೇಟ್ ಹೋಗುವುದಿಲ್ಲ. ರಸಮೇವು ಮಾಡಿದರೆ ಒಂದಿಷ್ಟು ಇಳಿಯುತ್ತದೆ, ಪೂರ್ತಿ ಅಲ್ಲ. ಅನುಮಾನವಿದ್ದರೆ ಬುಡದಿಂದ ಗೇಣುದ್ದ ಬಿಟ್ಟು ಕೊಯ್ಯಿರಿ, ಕೂಳೆಯೂ ಚೆನ್ನಾಗಿ ಚಿಗುರುತ್ತದೆ. ತಿನ್ನಿಸುವ ಮೊದಲು ಸ್ಯಾಂಪಲ್ ಕಳಿಸಿ.